ಮಗಳಿಗೊಂದು ಪತ್ರ: ಎರಡನೇ ಚರಣದ ಉಸಿರು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ "ಅಪ್ಪಾ, ಇದು ನಮ್ಮ ಹಾಡೇ ಅಲ್ಲ" ಅಂದಾಗ ಏನು ಹೇಳಬೇಕೋ ತೋಚಲಿಲ್ಲ. ಆಮೇಲೆ ನಿಮ್ಮ ತಂಡದ ಸ್ಟುಡಿಯೋ ರೆಕಾರ್ಡಿಂಗ್ ಅಂತ ನೀನು ಕಳಿಸಿದ ಫೈಲನ್ನು ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದೆ. ನಿನ್ನ ಸಿಟ್ಟು ಸುಳ್ಳಲ್ಲ. ನೀವು ನಾಲ್ವರೂ ಮಹಡಿಯ ಆ ಪುಟ್ಟ ಕೋಣೆಯಲ್ಲಿ ನುಡಿಸುವಾಗ ಗಿಟಾರ್ ಎದೆಗೇ ಬಂದು ಬಡಿಯುತ್ತದೆ. ಈ ರೆಕಾರ್ಡಿಂಗಿನಲ್ಲಿ ಅದು ಪಕ್ಕದ ಮನೆಯಲ್ಲಿದೆ. ಡ್ರಮ್ಸಿನ ಒಂದೊಂದು ಪೆಟ್ಟೂ ತೊಳೆದು ಬೋರಲು ಹಾಕಿದ ಪಾತ್ರೆಗಳ ಹಾಗೆ ಬಿಡಿಬಿಡಿ. ನಿನ್ನ ದನಿ ಬಾವಿಯ ತಳದಿಂದ ಬರುತ್ತಿದೆ.

ಆದರೆ ಮೂರನೇ ಸಲ ಕೇಳುವಾಗ, ಎರಡನೇ ಚರಣ ಎತ್ತಿಕೊಳ್ಳುವ ಮುಂಚೆ ನೀನು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಕೋಣೆಯ ಗದ್ದಲದಲ್ಲಿ ಅದು ನನಗೆ ಒಮ್ಮೆಯೂ ಕೇಳಿಸಿರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ನೀನು ಸದಾ ಹಾಕುತ್ತಿದ್ದ ಕಪ್ಪು ಟೀ ಶರ್ಟ್ ಇತ್ತಲ್ಲ, ಬಿಳಿ ಗೆರೆಗಳು ಬೆಟ್ಟಸಾಲಿನ ಹಾಗೆ ಎದ್ದು ಇಳಿಯುವುದು? ಅದು ಒಂದು ಪಲ್ಸಾರ್ ನಕ್ಷತ್ರದ ರೇಡಿಯೋ ಮಿಡಿತದ ಚಿತ್ರ. ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್'ನ ಹೊದಿಕೆ. ಆ ಶರ್ಟನ್ನು ಒಗೆದು ಒಣಗಹಾಕುತ್ತಲೇ ನಾನು ಆ ತಂಡದ ಬೆನ್ನು ಬಿದ್ದದ್ದು.

1979ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಅದರ ರೆಕಾರ್ಡಿಂಗ್ ಆಯಿತು. ಅವರೂ ನಾಲ್ವರು, ನಿಮ್ಮ ವಯಸ್ಸಿನವರೇ. ವೇದಿಕೆಯ ಮೇಲೆ ಅವರದು ಒರಟು, ಜೋರು, ಬಿರುಸು. ಅದೇ ಬಿರುಸು ಹಾಗೆಹಾಗೇ ರೆಕಾರ್ಡಿನ ತಟ್ಟೆಯ ಮೇಲೆ ಇಳಿಯಬೇಕೆಂದು ಗಿಟಾರಿನ ಬರ್ನಾರ್ಡ್ ಸಮ್ನರ್‌ಗೂ ಬೇಸ್ ನುಡಿಸುವ ಪೀಟರ್ ಹುಕ್‌ಗೂ ಆಸೆ. ರೆಕಾರ್ಡಿಂಗ್ ಹೇಗೆ ಕೇಳಿಸಬೇಕೆಂದು ನೋಡಿಕೊಳ್ಳುವ ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್‌ಗೆ ಬೇಕಾಗಿದ್ದದ್ದು ಬೇರೆ. ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿಗೆ ಸೋರಬಾರದು. ಕೆಲವು ಹಾಡುಗಳಿಗೆ ಡ್ರಮ್ಮರ್ ಸ್ಟೀಫನ್ ಮಾರಿಸ್ ಕೈಯಲ್ಲಿ ಒಂದೊಂದು ಡ್ರಮ್ಮನ್ನೂ ಪ್ರತ್ಯೇಕವಾಗಿಯೇ ಬಾರಿಸಿಸಿದ. ಸದ್ದನ್ನು ಚಣಹೊತ್ತು ಹಿಡಿದಿಟ್ಟು ಬಿಡುವ ಡಿಜಿಟಲ್ ಡಿಲೇ ಯಂತ್ರ ಅವನ ಅಚ್ಚುಮೆಚ್ಚು. ಹಾಡುವ ಇಯಾನ್ ಕರ್ಟಿಸ್ ದನಿ ದೂರದಿಂದ ಬಂದಂತಿರಲಿ ಎಂದು ಒಂದು ಹಾಡನ್ನು ಟೆಲಿಫೋನ್ ತಂತಿಯ ಮೂಲಕ ಹಿಡಿದ. ಸ್ಟುಡಿಯೋದ ಲಿಫ್ಟಿನ ಗರಗರ, ಬಾಟಲಿ ಒಡೆಯುವ ಸದ್ದು, ಎಲ್ಲವೂ ಆ ಆಲ್ಬಮ್ಮಿನ ಒಳಗಿವೆ. ಬೇರೆ ಬೇರೆ ಹಿಡಿದ ಸದ್ದುಗಳನ್ನು ಹದವಾಗಿ ಸೇರಿಸುವ ಮಿಕ್ಸಿಂಗ್ ಹೊತ್ತಿಗೆ ಹುಡುಗರು ಎದ್ದು ಹೋಗಲಿ ಎಂದು ಎ.ಸಿ. ಜೋರು ಮಾಡಿ ಕೋಣೆಯನ್ನು ಕೊರೆಯುವ ಚಳಿ ಮಾಡುತ್ತಿದ್ದನಂತೆ. ಹುಕ್ ಆಮೇಲೆ ನೆನಪಿಸಿಕೊಂಡಿದ್ದಾರೆ.

ಜೂನ್‌ನಲ್ಲಿ ಆಲ್ಬಮ್ ಬಂತು. ಕರ್ಟಿಸ್‌ಗೂ ಮಾರಿಸ್‌ಗೂ ಹಿಡಿಸಿತು. ಮಿಕ್ಕ ಇಬ್ಬರ ಮುಖ ಸಣ್ಣಗಾಯಿತು. ನಾವು ಕಪ್ಪು ಬಿಳುಪಿನಲ್ಲಿ ಬರೆದ ಚಿತ್ರಕ್ಕೆ ಮಾರ್ಟಿನ್ ಬಣ್ಣ ತುಂಬಿಬಿಟ್ಟ ಎಂಬರ್ಥದ ಮಾತನ್ನು ಸಮ್ನರ್ ಹೇಳಿದ್ದಾರೆ. ನಿನ್ನ ದೂರೂ ಇದೇ ತಾನೆ? ಬಹಳ ವರ್ಷ ಕಳೆದ ಮೇಲೆ ಹುಕ್, ಜಾಯ್ ಡಿವಿಷನ್ನಿನ ಸದ್ದನ್ನು ಹುಟ್ಟಿಸಿದವನು ಮಾರ್ಟಿನ್ನೇ ಎಂದು ಬಾಯಿಬಿಟ್ಟು ಒಪ್ಪಿಕೊಂಡರು.

ಪ್ರೊಡ್ಯೂಸರ್ ಹೇಳಿದ್ದೇ ಸರಿ, ಸುಮ್ಮನಿದ್ದುಬಿಡು ಅಂತ ನಾನು ಹೇಳುತ್ತಿಲ್ಲ. ಚಳಿ ಹಿಡಿಸಿ ಹುಡುಗರನ್ನು ಹೊರಗೆ ಕಳಿಸುವುದು ನನಗೆ ತಪ್ಪಾಗಿಯೇ ಕಾಣುತ್ತದೆ. ಆದರೆ ಹ್ಯಾನೆಟ್ ಕಿವಿಗೆ ಒಂದು ಗೊತ್ತಿತ್ತು. ವೇದಿಕೆಯ ಮುಂದೆ ನಿಂತವನ ಮೈಗೆ ಸದ್ದು ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದ ಮೇಲೆ ಸಣ್ಣ ದನಿಯಲ್ಲಿ ಹಾಕಿಕೊಂಡು ಕೇಳುವವನಿಗೆ ಆ ಜೋರು ತಲುಪುವುದಿಲ್ಲ, ಬರೀ ಗಜಿಬಿಜಿ ತಲುಪುತ್ತದೆ. ಅವನಿಗೆ ವಾದ್ಯಗಳ ನಡುವಿನ ಖಾಲಿ ಜಾಗ ಬೇಕು.

ಇದು ನನಗೆ ತಡವಾಗಿ ಹೊಳೆಯಿತು. 1992ರಲ್ಲಿ ಒಂದು ಭಾವಗೀತೆ ಕ್ಯಾಸೆಟ್ಟಿಗೆ ತಬಲಾ ನುಡಿಸಲು ಧಾರವಾಡದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಬೈಠಕ್‌ನಲ್ಲಿ ಹಾಡುವವರ ಕಣ್ಣು ನೋಡಿಕೊಂಡೇ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳುವವನು ನಾನು. ಅಲ್ಲಿ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿದರು. ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಂಜು ಗಾಯಕಿಯ ದನಿಯನ್ನು ಮುಚ್ಚುತ್ತದೆ ಎಂದು ಅದರ ಮೇಲೆ ಟವೆಲ್ ಹೊದಿಸಿದರು. ಕ್ಯಾಸೆಟ್ ಬಂದಾಗ ನನ್ನ ತಬಲಾ ತಗಡಿನ ಡಬ್ಬಿ ಬಡಿದಂತೆ ಕೇಳಿಸಿತು. ಯಾಕೆ ಹಾಗೆ ಮಾಡಿದಿರಿ ಎಂದು ಆ ರೆಕಾರ್ಡಿಸ್ಟ್‌ನ ನಾನು ಕೇಳಲೇ ಇಲ್ಲ. ಮತ್ತೆ ಸ್ಟುಡಿಯೋ ಮೆಟ್ಟಿಲನ್ನೂ ಹತ್ತಲಿಲ್ಲ. ಕೇಳದೇ ಹೋದದ್ದು ಇವತ್ತಿಗೂ ನೋಯುತ್ತದೆ, ಪುಟ್ಟಿ.

ಜಾಯ್ ಡಿವಿಷನ್ನಿನ ಹುಡುಗರು ಹಾಗೆ ಬಿಟ್ಟು ಹೋಗಲಿಲ್ಲ. 1980ರ ಮೇನಲ್ಲಿ ಕರ್ಟಿಸ್ ತೀರಿಕೊಂಡರು. ಉಳಿದವರು ನ್ಯೂ ಆರ್ಡರ್ ಎಂಬ ಹೊಸ ತಂಡವಾದರು, ಮರುವರ್ಷದ ಮೊದಲ ಆಲ್ಬಮ್ಮನ್ನೂ ಹ್ಯಾನೆಟ್ ಜೊತೆಗೇ ಮಾಡಿದರು. ಆಮೇಲೆ ಬೇರೆಯಾದರು. 1983ರ ಆಲ್ಬಮ್ಮಿಗೆ ತಾವೇ ಪ್ರೊಡ್ಯೂಸರ್. ಅವನ ಬೆನ್ನ ಹಿಂದೆ ನಿಂತು ನೋಡಿದ್ದೆಲ್ಲ ಕೈಗೆ ಬಂದಿತ್ತು.

ಇನ್ನೊಬ್ಬರು ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ. ಹ್ಯಾನೆಟ್‌ಗೆ ಪೂರ್ತಿ ತಿರುಗುಮುರುಗು. ತಂಡ ಒಟ್ಟಿಗೆ ನುಡಿಸಲಿ, ಕೋಣೆಯ ಗಾಳಿಯೂ ಮೈಕಿಗೆ ಬರಲಿ ಎನ್ನುತ್ತಿದ್ದವರು. 1993ರಲ್ಲಿ ಅಮೆರಿಕದ ನಿರ್ವಾಣ ಎಂಬ ರಾಕ್ ತಂಡದ ಆಲ್ಬಮ್ ಹಿಡಿಯುವ ಮುಂಚೆಯೇ, ತಾನು ಹೇಗೆ ಕೆಲಸ ಮಾಡುತ್ತೇನೆ, ರಾಯಲ್ಟಿ ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ಉದ್ದನೆಯ ಕಾಗದ ಬರೆದರು. ಆಮೇಲೂ ತಕರಾರು ಬಂತು, ಎರಡು ಹಾಡುಗಳನ್ನು ಸ್ಕಾಟ್ ಲಿಟ್ ಎಂಬ ಇನ್ನೊಬ್ಬ ಪ್ರೊಡ್ಯೂಸರ್ ಮತ್ತೆ ಮಿಕ್ಸ್ ಮಾಡಿದರು. ಆದರೂ ಆ ಕಾಗದ ನನಗೆ ಬಹಳ ಇಷ್ಟ. ನಿಮಗೆ ಅಂಥದ್ದನ್ನು ಯಾರೂ ಬರೆಯಲಿಲ್ಲ, ನೀವೂ ಕೇಳಲಿಲ್ಲ.

ಈಗ ಕೇಳು. ಸಿಟ್ಟಿನಲ್ಲಿ ಮೆಸೇಜ್ ಮಾಡಬೇಡ, ನಾಲ್ವರೂ ಸ್ಟುಡಿಯೋಗೇ ಹೋಗಿ. ಮಹಡಿ ಕೋಣೆಯಲ್ಲಿ ಮೊಬೈಲಿನಲ್ಲಿ ಹಿಡಿದದ್ದನ್ನು ಅವರಿಗೆ ಕೇಳಿಸಿ, ಗಿಟಾರ್ ಇಷ್ಟು ಹತ್ತಿರ ಬೇಕು ಅನ್ನಿ. ಒಂದೊಂದು ಟ್ರ್ಯಾಕನ್ನೂ ಬೇರೆಯಾಗಿ ಕೇಳಿಸಿಕೊಳ್ಳಿ, ಅವುಗಳ ಪ್ರತಿ ತನ್ನಿ. ಡ್ರಮ್ಸ್ ಬೇಕಾದರೆ ಮತ್ತೆ ಒಟ್ಟಿಗೇ ನುಡಿಸಿ. ಖರ್ಚು ಬಂದರೆ ನನಗೆ ಹೇಳು.

ಎರಡನೇ ಚರಣದ ಆ ಉಸಿರನ್ನು ಮಾತ್ರ ತೆಗೆಸಬೇಡ.

ನಿನ್ನ,
ಅಪ್ಪ