ಎಳ್ಳ ಅಮಾಸಿಗೆ ಆಯಿಯ ಹೊಲಕ್ಕೆ ಬಾ

ಕಲಬುರಗಿ

ಚಿರಂಜೀವಿ ಮಗನಿಗೆ ದೊಡ್ಡವ್ವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ನನ್ನ ಮನಸ್ಸು ಬಿಟ್ಟು ಹೋಗಿಲ್ಲ. "ಮುತ್ಯಾನೇ ಇಲ್ಲ, ಇನ್ನ ಎಳ್ಳ ಅಮಾಸಿಗೆ ಆ ಹೊಲಕ್ಕ ಯಾಕ ಹೋಗಬೇಕು ದೊಡ್ಡವ್ವ? ಅವರೇನು ನಮ್ಮ ಬೀಗರಾ, ಬಳಗಾನಾ?" ಅಂದಿ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅಂತ ಬರೆಯಲು ಕುಳಿತೆ.

ಬಳಗವಲ್ಲ, ಖರೆ. ನಿಮ್ಮಪ್ಪ ನೌಕರಿಗೆಂದು ಸೇಡಂನಿಂದ ಬಂದಾಗ ಇಲ್ಲಿಯ ಬ್ರಹ್ಮಪುರ ಓಣಿಯಲ್ಲಿ ಮುತ್ಯಾ-ಆಯಿಯ ಮನೆಯ ಹಿಂಬದಿಯ ಖೋಲಿ ಬಾಡಿಗೆಗೆ ಹಿಡಿದಿದ್ದ, ಅಷ್ಟೇ. ನೀನು ಹೊಟ್ಟೆಯಲ್ಲಿದ್ದಾಗ ನಮ್ಮ ಅವ್ವ ತೀರಿಹೋಗಿದ್ದಳು, ನಾನು ಬಾಣಂತಿ. ನಿಮ್ಮವ್ವನಿಗೆ ತವರಿನ ಕಡೆಯಿಂದ ಯಾರೂ ಇರಲಿಲ್ಲ. ಆಗ ಆಯಿ ಹಸಿರು ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ತಂದು ತಾನೇ ಉಡಿ ತುಂಬಿದಳು. ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಅದು ನಿಮ್ಮವ್ವನ ತವರುಮನೆ. ದಸರಾಕ್ಕೆ ಬನ್ನಿ ಕೊಡಲು ನಾವು ಮೊದಲು ಹೋಗುತ್ತಿದ್ದದ್ದೂ ಅಲ್ಲಿಗೇ.

ಹಾಗೆ ಸೇರಿಕೊಂಡವರು ನಾವೊಬ್ಬರೇ ಅಲ್ಲ. ಆಳಂದ ರಸ್ತೆಯ ಆ ಹೊಲಕ್ಕೆ ಆಯಿಯ ತಂಗಿಯ ಮಕ್ಕಳು, ಮುತ್ಯಾನ ದಾಯಾದಿಗಳು, ಓಣಿಯ ದರ್ಜಿಯ ಮನೆಯವರು, ಹಾಸ್ಟೆಲ್ಲಿನಲ್ಲಿದ್ದ ಯಾದಗಿರಿ ಕಡೆಯ ಹುಡುಗರು, ಎಲ್ಲರೂ ಬರುತ್ತಿದ್ದರು. ಮುತ್ಯಾ ಐದು ಕಲ್ಲಿಟ್ಟು ಪಾಂಡವರನ್ನು ಪೂಜಿಸಿ, ಜೋಳದ ಸಾಲಿನಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬರುವಷ್ಟರಲ್ಲಿ ಆಯಿ ಎಲ್ಲರನ್ನೂ ಸಾಲಾಗಿ ಕೂರಿಸಿರುತ್ತಿದ್ದಳು. ಆ ಭಜ್ಜಿ ನಿನಗೆ ನೆನಪಿರಬೇಕು: ಹಸಿ ಕಡಲೆ, ತೊಗರಿಕಾಳು, ಅವರೆ, ಮೆಂತ್ಯಪಲ್ಯ, ಗಜ್ಜರಿ, ಹುಣಸೆಹುಳಿ, ಮೇಲೆ ಕಡಲೆಹಿಟ್ಟು. ಬೆಳ್ಳುಳ್ಳಿ ತಿನ್ನದವರಿಗೆ ಪುಟ್ಟ ಗಡಿಗೆಯಲ್ಲಿ ಬೇರೆ ಮಾಡಿರುತ್ತಿದ್ದಳು. ಯಾರು ತಿನ್ನುವುದಿಲ್ಲ ಅನ್ನುವುದು ಅವಳಿಗೆ ವರ್ಷವಿಡೀ ನೆನಪು. ಕೊನೆಯವರು ಎದ್ದ ಮೇಲೆ, ಗಡಿಗೆಯ ತಳದ ಅಂಬಲಿಯನ್ನು ಸೆರಗು ಬಿಗಿದು ನಿಂತೇ ಕುಡಿಯುತ್ತಿದ್ದಳು.

ಮುತ್ಯಾ ಶರಣಬಸವೇಶ್ವರರ ಭಕ್ತ. ಅರಳಗುಂಡಗಿಯಿಂದ ಬಂದು 1822ರಲ್ಲಿ ಇಲ್ಲೇ ಲಿಂಗೈಕ್ಯರಾದ ಆ ಶರಣರು ನಡೆಸಿದ ದಾಸೋಹವನ್ನು ಅವನು ಬಾಯಲ್ಲಿ ಹೊಗಳುತ್ತಿದ್ದುದು ಕಡಿಮೆ, ಹೊಲದಲ್ಲಿ ನಡೆಸಿಕೊಂಡು ಬಂದದ್ದು ಹೆಚ್ಚು. ಬಂದವರ ಜಾತಿ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಅದಕ್ಕೇ ಹೇಳುತ್ತೇನೆ ಮಗಾ, "ಅವರು ನಮಗೇನಾಗಬೇಕು" ಅಂತ ಲೆಕ್ಕ ಹಾಕುವ ವಯಸ್ಸಲ್ಲ ನಿನ್ನದು. ಇಷ್ಟು ವರ್ಷ ಅವರು ಕರೆದರು, ನಾವು ಉಂಡೆವು. ಈಗ ಕರೆಯುವ ಪಾಳಿ ನಮ್ಮದು. ದುಡ್ಡು ಕಳಿಸಿ ಕೈ ತೊಳೆದುಕೊಳ್ಳಬೇಡ. ಹಬ್ಬದ ದಿನ ಉಣ್ಣುವ ಹೊತ್ತಿಗೆ ಬಂದರೂ ನಡೆಯದು. ಎರಡು ದಿನ ಮೊದಲೇ ಬಾ. ಸಜ್ಜೆ ರೊಟ್ಟಿ ಬಡಿದು, ಎಳ್ಳು ಹಚ್ಚಿ, ಕಡಕ್ ಮಾಡಿ ಬುಟ್ಟಿ ತುಂಬಬೇಕು. ಕಾಯಿ ಸುಲಿಯುವುದಿದೆ, ನೀರಿನ ಕೊಡ ಸಾಗಿಸುವುದಿದೆ. ಆಯಿ ಒಬ್ಬಳೇ ಇವನ್ನೆಲ್ಲ ಹೇಗೆ ಸಂಭಾಳಿಸಿದಳು ಅಂತ ಆಗ ತಿಳಿಯುತ್ತದೆ.

ಇನ್ನೊಂದು ಮಾತು. ವಯಸ್ಸಾಯಿತು ಅಂತ ಆಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಮೆರೆಸಬೇಡ. ಅವಳ ಕೈಗೊಂದು ಸೌಟು ಕೊಡು. ಉಪ್ಪು ಸಾಕೋ ಇಲ್ಲವೋ ಅಂತ ಅವಳನ್ನೇ ಕೇಳು. ಮುತ್ಯಾ ಹೋದ ಮೇಲೆ ಅವಳನ್ನು ಎಲ್ಲರೂ ಸಮಾಧಾನ ಮಾಡಲು ಬರುತ್ತಾರೆ, ಕೆಲಸ ಹೇಳಿಸಿಕೊಳ್ಳಲು ಯಾರೂ ಬರುವುದಿಲ್ಲ. ಅದೇ ಅವಳನ್ನು ಸೊರಗಿಸುತ್ತಿದೆ.

ನಿನ್ನ ರೂಮಿನಲ್ಲಿರುವ ಬಿಹಾರದ ಹುಡುಗನಿಗೆ ಊರಿಗೆ ಹೋಗಲು ರಜೆ ಸಿಕ್ಕಿಲ್ಲ ಅಂದಿದ್ದೆಯಲ್ಲ, ಅವನನ್ನೂ ಕರಕೊಂಡು ಬಾ. ಹೊಲ ಪಾಲಿಗೆ ಮಾಡುವವನಿಗೆ ಹೇಳಿದ್ದೇನೆ, ಬಂಡಿ ಹೂಡುತ್ತಾನೆ. ಚರಗ ಈ ಸಲ ನೀನೇ ಚೆಲ್ಲಬೇಕು, ಆಯಿ ಒಪ್ಪಿದ್ದಾಳೆ. ಟಿಕೆಟ್ ಆದ ಕೂಡಲೇ ತಿಳಿಸು, ಸ್ಟೇಷನ್ನಿಗೆ ನಿನ್ನ ತಮ್ಮನನ್ನು ಕಳಿಸುತ್ತೇನೆ.

ನಿನ್ನ ದೊಡ್ಡವ್ವ