ಕಾರ್ಬುರೇಟರ್ ಕೆಲಸದಲ್ಲಿ ಆಗುತ್ತಿರುವ ಬದಲಾವಣೆ ಬಗ್ಗೆ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳು 1ನೇ ತಾರೀಖಿನಿಂದ ಬೈಕಿನ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕ್ಲೀನಿಂಗ್‌ಗೆ ಎಲ್ಲರಿಗೂ ಒಂದೇ ದರ ಇರುವುದಿಲ್ಲ. ಮೊದಲು ಬಿಚ್ಚಿ ನೋಡುತ್ತೇವೆ, ಏನಾಗಿದೆ ಅಂತ ಫೋನ್ ಮಾಡಿ ಹೇಳುತ್ತೇವೆ. ನೀವು ಸರಿ ಅಂದ ಮೇಲೆಯೇ ಕೆಲಸ ಶುರು. ಬೆಳಿಗ್ಗೆ ಕೊಟ್ಟು ಸಂಜೆ ತೆಗೆದುಕೊಂಡು ಹೋಗುವುದು ಇನ್ನು ಆಗುವುದಿಲ್ಲ, ಎರಡು ದಿನ ಬೇಕು. ಮನೆಯಲ್ಲಿ ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿದ್ದರೆ ಕೊಡುವಾಗಲೇ ಹೇಳಿಬಿಡಿ. ಅಂಥದ್ದಕ್ಕೆ ಗ್ಯಾರಂಟಿ ಕೊಡಲು ಆಗುವುದಿಲ್ಲ.

ಈ ಕೊನೆಯ ಮಾತಿಗೆ ಕೆಲವರಿಗೆ ಸಿಟ್ಟು ಬಂದಿದೆ. ‘ವಿನೆಗರ್ ಹಾಕಿ ಅಂತ ಹೇಳಿಕೊಟ್ಟವರು ನೀವೇ ಅಲ್ವಾ?’ ಅಂತ ಕೇಳಿದರು. ಹೌದು, ನಾವೇ ಹೇಳಿದ್ದೆವು. ಹಿತ್ತಾಳೆ ಜೆಟ್, ಅಂದರೆ ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತುಂಡು, ಫಳಫಳ ಹೊಳೆಯುತ್ತಿತ್ತು, ಬೈಕೂ ಸ್ಟಾರ್ಟ್ ಆಗುತ್ತಿತ್ತು. ಅಷ್ಟು ಸಾಕು ಅಂದುಕೊಂಡೆವು. ಅದು ನಮ್ಮ ತಪ್ಪು, ಕ್ಷಮಿಸಿ. ನಮ್ಮ ಮಾತು ಕೇಳಿ ಕಾರ್ಬುರೇಟರ್ ಹಾಳು ಮಾಡಿಕೊಂಡವರು ದಯವಿಟ್ಟು ಬನ್ನಿ. ನಿಮ್ಮಿಂದ ಕೂಲಿ ತೆಗೆದುಕೊಳ್ಳುವುದಿಲ್ಲ.

ಆದರೆ ಇನ್ನೊಂದು ಮಾತನ್ನು ವಾರಕ್ಕೆ ನಾಲ್ಕು ಸಲ ಕೇಳುತ್ತಿದ್ದೇವೆ. ‘ಮನೇಲಿರೋ ಸಾಮಾನಲ್ಲಿ ಆಗೋ ಕೆಲಸಕ್ಕೆ ಇಷ್ಟು ದುಡ್ಡು ಯಾಕೆ?’ ಇದಕ್ಕೆ ಸರಿಯಾಗಿ ಉತ್ತರ ಹೇಳಲೇಬೇಕು.

ಬೈಕು ತಿಂಗಳುಗಟ್ಟಲೆ ನಿಂತರೆ ಪೆಟ್ರೋಲಿನ ಹಗುರ ಭಾಗ ಆರಿಹೋಗುತ್ತದೆ. ಉಳಿಯುವುದು ಕಂದು ಬಣ್ಣದ ಅಂಟು. ಜೆಟ್ ತೂತು ಮುಚ್ಚಿಹೋಗುವುದು ಅದರಿಂದಲೇ. ವಿನೆಗರ್ ಆ ಅಂಟನ್ನು ಸರಿಯಾಗಿ ಕರಗಿಸುವುದಿಲ್ಲ. ಅದು ಹುಳಿ, ಅದರ ಕೆಲಸ ಲೋಹದ ಮೇಲೆ. ತುಕ್ಕು ಹಿಡಿದ ಕಬ್ಬಿಣದ ಟ್ಯಾಂಕಿಗಾದರೆ ಉಪಯೋಗವಿದೆ. ಕಾರ್ಬುರೇಟರ್ ಬಾಡಿ ಕಬ್ಬಿಣದ್ದಲ್ಲ, ಸತು ಇಲ್ಲವೇ ಅಲ್ಯೂಮಿನಿಯಂ ಬೆರಕೆಯದ್ದು. ರಾತ್ರಿಯಿಡೀ ಹುಳಿಯಲ್ಲಿ ಬಿಟ್ಟರೆ ಬಾಡಿ ಕಪ್ಪಗಾಗುತ್ತದೆ, ಮೈ ಒರಟಾಗುತ್ತದೆ. ಆಮೇಲೆ ಒಳಗಿನ ಸಣ್ಣ ದಾರಿಗಳಲ್ಲಿ ಬಿಳಿ ಪುಡಿ ಕೂರುತ್ತದೆ. ಅಡುಗೆ ಸೋಡಾದಿಂದ ತೊಳೆದರೆ ಹುಳಿ ನಿಲ್ಲಬಹುದು, ಕರಗಿದ ಲೋಹ ವಾಪಸ್ ಬರುವುದಿಲ್ಲ. ಬ್ಲೀಚ್ ಬೇಡವೇ ಬೇಡ. ಕಟ್ಟಿದ ಪೈಪಿಗೆ ಹಾಕುವ ಕಾಸ್ಟಿಕ್ ಪುಡಿಯಂತೂ ಅಲ್ಯೂಮಿನಿಯಂ ತಿಂದು ಹೈಡ್ರೋಜನ್ ಬಿಡುತ್ತದೆ, ಅದು ಬೆಂಕಿ ಹಿಡಿಯುವ ಗ್ಯಾಸು. ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರು ಮಾತ್ರ ಒಳ್ಳೆಯದೇ. ಹೊರಗಿನ ಎಣ್ಣೆ, ಕೊಳೆಗೆ ನಾವೂ ಅದನ್ನೇ ಬಳಸುತ್ತೇವೆ.

ಇನ್ನು ಮುಚ್ಚಿದ ಜೆಟ್ ತೂತಿಗೆ ಪಿನ್ ಹಾಕಿ ಕೆರೆಯುವ ವಿಷಯ. ಕೇಹಿನ್ ಕಂಪನಿಯ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಜೆಟ್) ಮೇಲೆ 38 ಅಂತ ಇದ್ದರೆ ತೂತು 0.38 ಮಿಲಿಮೀಟರ್. ಹಿತ್ತಾಳೆ ಮೆತ್ತಗಿನ ಲೋಹ. ಗಟ್ಟಿ ತಂತಿಯಲ್ಲಿ ಕೆರೆದು ಅದು 0.40 ಆಯಿತು ಅಂದರೆ ಪೆಟ್ರೋಲ್ ಹೋಗುವ ಜಾಗ ಶೇ. 10ಕ್ಕಿಂತ ಜಾಸ್ತಿ ದೊಡ್ಡದಾಯಿತು. ಐಡ್ಲಿಂಗ್ ಕೆಡುತ್ತದೆ, ಪ್ಲಗ್ ಕಪ್ಪಾಗುತ್ತದೆ. ನಮ್ಮ ಬೆಂಚಿನ ಮೇಲೆ ಇವತ್ತಿನವರೆಗೆ ಒಂದು ಜೆಟ್‌ಗೂ ಯಾರೂ ಪಿನ್ ಹಾಕಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ದುಡ್ಡು ಎಲ್ಲಿಗೆ ಹೋಗುತ್ತದೆ? ಕ್ಲೀನಿಂಗ್ ಸ್ಪ್ರೇ ಬಿದ್ದರೆ ರಬ್ಬರ್ ಉಬ್ಬುತ್ತದೆ, ಹಾಗಾಗಿ ಓ-ರಿಂಗ್, ಡಯಾಫ್ರಮ್‌ನಂಥ ರಬ್ಬರ್ ಭಾಗ ಎಲ್ಲ ಮೊದಲೇ ತೆಗೆದಿಡಬೇಕು. ಹಳತಾಗಿ ಗಟ್ಟಿಯಾದ ಗ್ಯಾಸ್ಕೆಟ್ (ಸೋರದಂತೆ ಜೋಡಣೆಯಲ್ಲಿ ಇಡುವ ಪಟ್ಟಿ) ಬದಲಿಸಲೇಬೇಕು. ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಮೆಷಿನ್‌ಗೆ ಕರೆಂಟು ಬೇಕು, ಅದರ ದ್ರಾವಣ ಕೊಳೆಯಾದಾಗ ಹೊಸದು ಹಾಕಬೇಕು. ಹಳೆಯದನ್ನು ಚರಂಡಿಗೆ ಸುರಿಯುವ ಹಾಗಿಲ್ಲ, ನಾವು ಸುರಿಯುವುದೂ ಇಲ್ಲ. ಪೆಟ್ರೋಲ್-ಗಾಳಿ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಇತ್ತು ಅಂತ ಎಣಿಸಿ ಬರೆದುಕೊಂಡೇ ಬಿಚ್ಚುತ್ತೇವೆ. ಒಳಗಿನ ಪೆಟ್ರೋಲ್ ಮಟ್ಟ ಕಾಯುವ ತೇಲು ತುಂಡು, ಅಂದರೆ ಫ್ಲೋಟ್, ಅದರ ಎತ್ತರ ಅಳೆಯುತ್ತೇವೆ. ಕೊನೆಗೆ ಪೆಟ್ರೋಲ್ ತುಂಬಿಸಿ ಒಂದು ರಾತ್ರಿ ಹಾಗೇ ಬಿಟ್ಟು ಓವರ್‌ಫ್ಲೋ ಆಗುತ್ತದಾ ನೋಡುತ್ತೇವೆ. ಎರಡನೇ ದಿನ ಬೇಕಾಗಿರುವುದು ಇದಕ್ಕೇ. ‘ಬರೀ ತೊಳೆಯೋದಕ್ಕೆ’ ಅಂದಾಗ ಮನಸ್ಸಿಗೆ ನೋವಾಗುತ್ತದೆ.

ಹೋದ ತಿಂಗಳು ಒಂದು ಬಾಡಿ ಕಪ್ಪಾಗಿಯೇ ಬಂದಿತ್ತು. ನಾವೇ ಹಾಳು ಮಾಡಿದೆವು ಅಂತ ಮಾತು ಬಂತು. ತೆಗೆದುಕೊಳ್ಳುವಾಗ ನೋಡಿ ಬರೆದಿಟ್ಟಿರಲಿಲ್ಲ, ಹಾಗಾಗಿ ವಾದ ಮಾಡದೆ ನಮ್ಮ ಖರ್ಚಿನಲ್ಲೇ ಹೊಸದು ಹಾಕಿಕೊಟ್ಟೆವು. ಇನ್ನೊಂದು ಸಲ ಹಾಗೆ ಮಾಡುವ ಶಕ್ತಿ ನಮಗಿಲ್ಲ. ಅದಕ್ಕೇ ಇನ್ನು ಮುಂದೆ ನಿಮ್ಮ ಎದುರಿಗೇ ಫೋಟೋ ತೆಗೆಯುತ್ತೇವೆ.

ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಅನ್ನುವವರ ಮೇಲೆ ನಮಗೆ ಬೇಜಾರಿಲ್ಲ. ಒಂದು ಸಂಜೆ ಬನ್ನಿ, ಬಿಚ್ಚುವುದು ಹೇಗೆ ಅಂತ ಸುಮ್ನೆ ನಿಂತು ನೋಡಿ. ಬದಲಿಸಿದ ಹಳೇ ಪಾರ್ಟುಗಳನ್ನು ಎಂದಿನಂತೆ ನಿಮ್ಮ ಕೈಗೇ ಕೊಡುತ್ತೇವೆ. ಬೈಕು ತುಂಬಾ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರ್ಬುರೇಟರ್ ಅಡಿಯ ಫ್ಲೋಟ್ ಬೌಲಿನ (ಪೆಟ್ರೋಲ್ ನಿಲ್ಲುವ ಬಟ್ಟಲಿನ) ಕೆಳಗಿನ ಸ್ಕ್ರೂ ಸಡಿಲಿಸಿ, ಇರುವ ಪೆಟ್ರೋಲನ್ನು ಒಂದು ಡಬ್ಬಕ್ಕೆ ಇಳಿಸಿಕೊಳ್ಳಿ. ಹತ್ತಿರ ಬೆಂಕಿ ಇರದಂತೆ ನೋಡಿಕೊಳ್ಳಿ. ಇಷ್ಟು ಮಾಡಿದರೆ ಈ ಕೆಲಸಕ್ಕೆ ನಮ್ಮ ಹತ್ತಿರ ಬರುವ ಅಗತ್ಯವೇ ಬಾರದಿರಬಹುದು.

ಇಂತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ