ತರಗೆಲೆಗೆ ಕಡ್ಡಿ ಗೀರುವ ಮೊದಲು

ಪೆರ್ಲ, ಕಾಸರಗೋಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ತೋಟದ ಮೂಲೆಯಲ್ಲಿ ಎದೆಮಟ್ಟದ ತರಗೆಲೆ ರಾಶಿ, ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಹಿಡಿದು ನಿಂತ ನೀನು. ‘ಇದನ್ನು ಸುಟ್ಟು ಬೂದಿಯನ್ನು ಬಸಳೆ ಬುಡಕ್ಕೆ ಹಾಕಿದರೆ ಸಾಕಲ್ಲ?’ ಅಂತ ಕೇಳಿದ್ದೀಯ. ಸಾಲದು ಮಾರಾಯಾ. ಕಡ್ಡಿ ಪೆಟ್ಟಿಗೆಯೊಳಗೇ ಇರಲಿ, ಮೊದಲು ಇದನ್ನು ಓದು.

ಬಯಲಿನಲ್ಲಿ ಎಲೆ ಉರಿಸಿದರೆ ಅದರಲ್ಲಿದ್ದ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯ ಜೊತೆ ಹೋಗುತ್ತದೆ. ಗಂಧಕವೂ ಬಹುಪಾಲು ಹಾಗೆಯೇ. ಉಳಿಯುವುದು ಪೊಟ್ಯಾಷ್, ಸುಣ್ಣದಂಶ, ಒಂದಿಷ್ಟು ರಂಜಕ. ಅದರಲ್ಲೂ ಪೊಟ್ಯಾಷ್ ನೀರು ಸೋಕಿದರೆ ಕರಗಿ ಹೋಗುವ ವಸ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಬೂದಿಯನ್ನು ಹೊರಗೆ ಬಿಟ್ಟೆಯೋ, ಮೊದಲ ನಾಲ್ಕು ಮಳೆಗೆ ಅದರ ಸತ್ವ ಪಯಸ್ವಿನಿ ಹೊಳೆ ಹಿಡಿದು ಸಮುದ್ರಕ್ಕೆ.

ನಮ್ಮ ಕಡೆಯ ಹಿರಿಯರು ಬಸಳೆಗೆ, ಅಲಸಂಡೆಗೆ ಹಾಕುತ್ತಿದ್ದದ್ದು ಬರಿಯ ಬೂದಿಯಲ್ಲ, ಸುಡುಮಣ್ಣು. ಅದರಲ್ಲಿ ಎಲೆ ಸೌದೆ, ಬೇಯುವುದು ಮಣ್ಣು. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಪಿಎಚ್ ಸಾಮಾನ್ಯವಾಗಿ 5ರಿಂದ 5.5ರ ಆಸುಪಾಸು. ಅದರಲ್ಲಿರುವ ಕಬ್ಬಿಣ, ಅಲ್ಯುಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಮಣ್ಣನ್ನು ನಿಧಾನವಾಗಿ ಬೇಯಿಸಿದಾಗ ಅದರಲ್ಲಿ ಕೊಳೆತ ಬೇರು, ಎಲೆಯಲ್ಲಿದ್ದ ಸಾರಜನಕ ಗಿಡಕ್ಕೆ ಸಿಗುವ ಅಮೋನಿಯಂ ಆಗುತ್ತದೆ, ರಂಜಕ ಸ್ವಲ್ಪ ಸಡಿಲವಾಗುತ್ತದೆ, ಬೂದಿ ಬೆರೆತು ಹುಳಿ ತಗ್ಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದು. 60 ಡಿಗ್ರಿ ಶಾಖ ಅರ್ಧ ಗಂಟೆ ತಾಗಿದರೆ ಬೇರುಗಂಟು ಮಾಡುವ ಜಂತುಹುಳು, ಸಸಿ ಕೊಳೆಯಿಸುವ ಬೂಸ್ಟು ಬಹುಪಾಲು ಸಾಯುತ್ತವೆ. ಕಳೆಬೀಜಕ್ಕೆ 70–80 ಡಿಗ್ರಿ ಬೇಕು. ಬಸಳೆಗೆ ಜಂತುಹುಳು ಎಂದರೆ ಶನಿ, ಹಾಗಾಗಿ ಬಸಳೆಗೂ ಸುಡುಮಣ್ಣಿಗೂ ಈ ನಂಟು.

ಇನ್ನು ಮಾಡುವ ಕ್ರಮ. ಜಾಗ ಮೊದಲು ನೋಡು. ಅಡಿಕೆ, ತೆಂಗಿನ ಬುಡದಿಂದ ಏಳೆಂಟು ಮೀಟರಾದರೂ ದೂರವಿರಬೇಕು. ಅಡಿಕೆಯ ಬೇರು ಮೇಲುಮೇಲೆಯೇ ಹರಡಿರುತ್ತದೆ, ಕಾಂಡಕ್ಕೂ ಬಿಸಿ ಆಗದು. ಬೈಹುಲ್ಲಿನ ರಾಶಿ, ದನದ ಹಟ್ಟಿಯ ಮಾಡು (ಛಾವಣಿ), ಒಣಗಿದ ಹುಲ್ಲಿರುವ ಗುಡ್ಡೆ ಯಾವುದೂ ಹತ್ತಿರ ಬೇಡ. ಸುತ್ತ ಮೂರಡಿ ಅಗಲ ನೆಲ ಕೆತ್ತಿ ಬೋಳು ಮಾಡು. ಎರಡು ಕೊಡಪಾನ ನೀರು ಪಕ್ಕದಲ್ಲಿರಲಿ.

ಮಣ್ಣು ಎಲ್ಲಿಂದ? ಗುಡ್ಡೆ ತರಿದ ಕೆಂಪು ಜಲ್ಲಿಮಣ್ಣು ಪ್ರಯೋಜನವಿಲ್ಲ, ಅದರಲ್ಲಿ ಬೇಯಲಿಕ್ಕೆ ಏನೂ ಇಲ್ಲ. ಗದ್ದೆ ಹುಣಿಯ (ಬದುವಿನ), ತೋಟದ ದಾರಿ ಬದಿಯ ಹುಲ್ಲುಬೇರು ಸಹಿತದ ಮೇಲ್ಮಣ್ಣು ಬೇಕು. ನಾಲ್ಕು ಬೆರಳಿಗಿಂತ ಆಳಕ್ಕೆ ಹೋಗಬೇಡ. ಭೂಮಿತಾಯಿಯ ಹಬ್ಬ ಕೆಡ್ಡಸ ಹತ್ತಿರ ಬಂತು; ಆ ಮೂರು ದಿನ ನೆಲಕ್ಕೆ ಪಿಕ್ಕಾಸು ತಾಗಿಸುವಂತಿಲ್ಲ, ಮನೆಯಲ್ಲಿ ಹಿರಿಯರಿದ್ದರೆ ಬೈಗುಳ ಖಂಡಿತ. ಅಷ್ಟರೊಳಗೆ ಅಗೆದು ಒಣಗಲು ಹಾಕು. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗದಷ್ಟು ಒಣಗಿದರೆ ಸಾಕು.

ಆರಡಿ ಉದ್ದ, ನಾಲ್ಕಡಿ ಅಗಲದ ರಾಶಿಗೆ ಹದಿನೈದಿಪ್ಪತ್ತು ಬುಟ್ಟಿ ತರಗೆಲೆ, ಎಂಟು ಹತ್ತು ಬುಟ್ಟಿ ಮಣ್ಣು ಬೇಕಾಗುತ್ತದೆ. ಅಡಿಯಲ್ಲಿ ಹೆಬ್ಬೆರಳು ದಪ್ಪದ ಕೋಲು, ತೆಂಗಿನ ಸಿಪ್ಪೆ, ಕೊತ್ತಳಿಗೆಯ ತುಂಡುಗಳನ್ನು ಅಡ್ಡಾದಿಡ್ಡಿ ಹಾಸು, ಗಾಳಿ ಆಡಬೇಕು. ಅದರ ಮೇಲೆ ಒಂದಡಿ ತರಗೆಲೆ, ತೆಳುವಾಗಿ ಮಣ್ಣು, ಮತ್ತೆ ಎಲೆ, ಮತ್ತೆ ಮಣ್ಣು. ಎತ್ತರ ಮೂರಡಿ ಮೀರಬೇಡ. ಕೊನೆಯ ಪದರ ಮಣ್ಣೇ ಆಗಿರಲಿ. ಅಡಿಕೆ ಹಾಳೆ, ಬಾಳೆ ಎಲೆ, ತೇಗದ ಎಲೆಗಳನ್ನು ಅಗಲಕ್ಕೆ ಹಾಸಬೇಡ. ಮುಚ್ಚಳದ ಹಾಗೆ ಕೂತು ಗಾಳಿ ಕಟ್ಟುತ್ತವೆ. ಹರಿದು ಹಾಕು. ಗೇರುಬೀಜದ ಸಿಪ್ಪೆ ಬೇಡವೇ ಬೇಡ, ಅದರ ಎಣ್ಣೆಯ ಹೊಗೆಗೆ ಮೈ ಸುಟ್ಟ ಹಾಗಾಗುತ್ತದೆ. ಚೇರೆ ಮರದ ಕಡ್ಡಿ, ಎಲೆಯೂ ಹಾಗೆಯೇ. ಬೆಂಕಿಗೆ ಬಿದ್ದರೆ ಹೊಗೆ ತಾಗಿದವರ ಮುಖ ಊದಬಹುದು. ಹಾಲಿನ ತೊಟ್ಟೆ, ಚಿಪ್ಸ್ ಪ್ಯಾಕೆಟ್ ರಾಶಿಯಲ್ಲಿ ಸೇರಿಕೊಂಡಿವೆಯೋ ನೋಡು. ಕೈ ಹಾಕುವ ಮೊದಲು ರಾಶಿಯನ್ನು ಉದ್ದದ ಕೋಲಿನಿಂದ ಕೆದಕು, ತರಗೆಲೆ ಅಡಿಯ ತಂಪು ಹಾವಿಗೂ ಚೇಳಿಗೂ ಇಷ್ಟ.

ಬೆಂಕಿ ಹಚ್ಚುವುದು ಸಂಜೆ, ಕಡಲ ಗಾಳಿ ಇಳಿದ ಮೇಲೆ. ಗಾಳಿ ಬರುವ ಬದಿಯಲ್ಲಿ ಬುಡದಲ್ಲಿ ಎರಡು ಕಿಂಡಿ ಬಿಟ್ಟಿರಬೇಕು. ಉರಿಯುವ ಗೆರಟೆ (ತೆಂಗಿನ ಚಿಪ್ಪು) ಚೂರುಗಳನ್ನು ಅದರೊಳಗೆ ತಳ್ಳಿ, ಒಳಗೆ ಹಿಡಿದುಕೊಂಡದ್ದು ಖಾತ್ರಿಯಾದ ಮೇಲೆ ಕಲ್ಲಿಟ್ಟು ಕಿಂಡಿಯನ್ನು ಅರ್ಧ ಮುಚ್ಚು. ಆಮೇಲೆ ಅದು ಉರಿಯಬಾರದು, ಹೊಗೆಯಾಡಬೇಕು. ಮೊದಲ ದಿನ ದಟ್ಟ ಬಿಳಿ ಹೊಗೆ, ಮಣ್ಣಿನ ಪಸೆಯದು. ನೆರೆಮನೆಯಲ್ಲಿ ದಮ್ಮಿನವರಿದ್ದರೆ ಮೊದಲೇ ಹೇಳಿಬಿಡು, ಅಥವಾ ಜಾಗ ಬದಲಿಸು. ಮೂರರಿಂದ ಐದು ದಿನ ಬೇಯುತ್ತದೆ.

ಕೆಡುವುದೆಲ್ಲ ಈ ದಿನಗಳಲ್ಲಿಯೇ. ಎಲ್ಲಾದರೂ ಬಿರುಕು ಬಿಟ್ಟು ಜ್ವಾಲೆ ಮೇಲೆ ಬಂದರೆ ತಕ್ಷಣ ಒಂದು ಬುಟ್ಟಿ ಮಣ್ಣು ಸುರಿ. ದಿನಕ್ಕೆ ಎರಡು ಮೂರು ಸಲ ಸುತ್ತು ಹಾಕಲೇಬೇಕು. ಜ್ವಾಲೆಗೆ ಬಿಟ್ಟ ಮಣ್ಣು ಕೆಂಪಾಗಿ ಇಟ್ಟಿಗೆ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಅದರಲ್ಲಿದ್ದ ಸಾವಯವ ಅಂಶ ಪೂರ್ತಿ ಉರಿದುಹೋಗಿದೆ, ನೀರು ಗೊಬ್ಬರ ಹಿಡಿದಿಡುವ ಗುಣವೂ ಹೋಗಿದೆ. ಅಂಥದ್ದನ್ನು ದಾರಿಯ ಹೊಂಡಕ್ಕೆ ಹಾಕಬಹುದು, ಬಳ್ಳಿಗೆ ಬೇಡ. ಹೊಗೆಯೇ ನಿಂತರೆ ಮಣ್ಣು ಹಸಿಯಿತ್ತು ಅಥವಾ ಪದರ ದಪ್ಪವಾಯಿತು ಎಂದರ್ಥ. ಹಾರೆಯಿಂದ ಮೇಲಿನಿಂದ ಬುಡದವರೆಗೆ ನಾಲ್ಕೈದು ತೂತು ಚುಚ್ಚಿ ಮತ್ತೆ ಗೆರಟೆ ಕೆಂಡ ಹಾಕು. ಎರಡನೆಯ ದಿನ ಅಂಚಿನ ಮಣ್ಣನ್ನು ನಡುವಿನ ಮೇಲೆ ಎಳೆದು ಹಾಕಿದರೆ ಹೊರಬದಿಯೂ ಬೇಯುತ್ತದೆ. ತುಂಬಾ ಜನ ಇದನ್ನು ಬಿಟ್ಟು, ಅರ್ಧ ಹಸಿ ಮಣ್ಣಿನ ಜೊತೆ ಕಳೆಬೀಜವನ್ನೂ ತೋಟಕ್ಕೆ ಒಯ್ಯುತ್ತಾರೆ.

ಸರಿಯಾಗಿ ಬೆಂದದ್ದು ಕಪ್ಪು ಕಂದು ಬಣ್ಣದ್ದು, ಬೆರಳಲ್ಲಿ ಪುಡಿಯಾಗುತ್ತದೆ, ಇದ್ದಿಲ ಚೂರು ಅಲ್ಲಲ್ಲಿ ಕಾಣುತ್ತದೆ. ಎಳೆದು ಹರಡಿ, ನೀರು ಚಿಮುಕಿಸಿ, ಎರಡು ದಿನ ಹಾಗೇ ಬಿಡು. ಆರಿತೆಂದು ಅವಸರದಲ್ಲಿ ಗೋಣಿಗೆ ತುಂಬಿಸಿದರೆ ಒಳಗಿನ ಕೆಂಡ ಗೋಣಿಗೆ ಹಿಡಿದು, ಗೋಣಿಯಿಂದ ಮಾಡಿಗೆ ಹೋಗುತ್ತದೆ. ಜಾಲರಿಯಲ್ಲಿ ಗಾಳಿಸಿ, ಮಳೆ ತಾಗದ ಕಡೆ ಇಡು. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಆಸುಪಾಸಿಗೆ ಮೊದಲು ಎಲ್ಲವೂ ಮಾಡಿನಡಿಗೆ ಬಂದಿರಬೇಕು. ನೆನೆದ ಸುಡುಮಣ್ಣು ಬರಿಯ ಮಣ್ಣೇ.

ಬಿಸಿ ಆರಿದ ಕೂಡಲೇ ನೆಡಬೇಡ. ಬೆಂದ ಮಣ್ಣಿನಲ್ಲಿ ಅಮೋನಿಯಾ ಒಮ್ಮೆಲೇ ಏಳುತ್ತದೆ, ಎಳೆ ಬೇರಿಗೆ ಅದು ಖಾರ. ಎರಡು ವಾರ ಬಿಟ್ಟು, ಎರಡು ಪಾಲು ಸುಡುಮಣ್ಣಿಗೆ ಒಂದು ಪಾಲು ಹಳೆಯ ಹಟ್ಟಿಗೊಬ್ಬರ, ಒಂದು ಪಾಲು ಸಾದಾ ಮೇಲ್ಮಣ್ಣು ಬೆರೆಸು. ಬೆಂಕಿಗೆ ಒಳ್ಳೆಯ ಜೀವಾಣುಗಳೂ ಸತ್ತಿರುತ್ತವೆ. ಅವನ್ನು ಮರಳಿ ತರುವುದು ಗೊಬ್ಬರವೇ. ಆದರೆ ಬೂದಿಯನ್ನು ಹಸಿ ಸೆಗಣಿಯ ಜೊತೆ ಮಾತ್ರ ಬೆರೆಸಬೇಡ, ಕ್ಷಾರ ತಾಗಿದರೆ ಸೆಗಣಿಯ ಸಾರಜನಕ ಗಾಳಿಗೆ ಹಾರುತ್ತದೆ. ಮೂಗಿಗೆ ಚುರುಕ್ ಎನ್ನುವ ವಾಸನೆ ಬಂತೆಂದರೆ ನಿನ್ನ ಗೊಬ್ಬರ ಹೋಗುತ್ತಿದೆ ಎಂದೇ ಲೆಕ್ಕ.

ಬಸಳೆಗೆ ಒಂದೂವರೆ ಅಡಿ ಅಗಲ, ಒಂದಡಿ ಆಳದ ಗುಂಡಿ ಸಾಕು. ಪೆನ್ಸಿಲಿಗಿಂತ ದಪ್ಪದ ಬಲಿತ ಬಳ್ಳಿಯಿಂದ ಒಂದು ಗೇಣು ತುಂಡು, ಮೂರು ನಾಲ್ಕು ಗೆಣ್ಣು ಇರುವಂಥದ್ದು. ಎರಡು ಗೆಣ್ಣು ಮಣ್ಣಿನೊಳಗೆ ಹೋಗಲಿ. ಅಡಿಕೆ ಸಲಾಕೆಯ ಚಪ್ಪರ ಐದಾರು ಅಡಿ ಎತ್ತರ. ನೀರು ಬುಡಕ್ಕೆ ಮಾತ್ರ. ಸಂಜೆ ಪೈಪಿನಲ್ಲಿ ಎಲೆ ತೋಯಿಸಿದರೆ ಕೆಂಪು ಅಂಚಿನ ಚುಕ್ಕೆ ರೋಗ ಬರುತ್ತದೆ, ಚುಕ್ಕೆ ಬಿದ್ದ ಎಲೆ ಕಿತ್ತು ತೆಗೆಯದಿದ್ದರೆ ಚಪ್ಪರ ಪೂರ್ತಿ ಹಬ್ಬುತ್ತದೆ. ಎರಡು ತಿಂಗಳಿಗೆ ಮೊದಲ ಕೊಯ್ಲು. ಮಧ್ಯಾಹ್ನ ನೀರಿದ್ದೂ ಬಳ್ಳಿ ಬಾಡಿ, ಎಲೆ ಸಣ್ಣದಾಗಿ ಹಳದಿಯಾದರೆ ಒಂದು ಬೇರು ಕಿತ್ತು ನೋಡು. ಮಣಿ ಪೋಣಿಸಿದ ಹಾಗೆ ಗಂಟು ಕಂಡರೆ ಜಂತುಹುಳು ಬಂದಿದೆ. ಆ ಗುಂಡಿಯಲ್ಲಿ ಮತ್ತೆ ಬಸಳೆ ಬೇಡ, ಒಂದು ಬೆಳೆ ಗೊಂಡೆ ಹೂ (ಚೆಂಡು ಹೂ) ಹಾಕು, ಅದರ ಬೇರು ಜಂತುಹುಳುವಿಗೆ ಆಗಿಬರುವುದಿಲ್ಲ.

ಅಲಸಂಡೆಗೆ ಉಪಚಾರ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಒಂದಿಂಚು ಆಳಕ್ಕೆ ಎರಡೆರಡು ಬೀಜ, ಎರಡಡಿ ಅಂತರ, ಗುಂಡಿಗೆ ಒಂದು ಗೆರಟೆ ಸುಡುಮಣ್ಣಿನ ಮಿಶ್ರಣ. ಸಾರಜನಕವನ್ನು ಅದು ಬೇರಿನ ಗಂಟುಗಳಲ್ಲಿ ತಾನೇ ಹಿಡಿಯುತ್ತದೆ (ಇವು ಉಜ್ಜಿದರೆ ಕಳಚುವ ಒಳ್ಳೆಯ ಗಂಟು, ಜಂತುಹುಳುವಿನದು ಬೇರಿನದೇ ಬಾವು). ಯೂರಿಯಾ ಹಾಕಿದರೆ ಬಳ್ಳಿ ಮಾತ್ರ ಕೊಬ್ಬಿ, ಕೋಡು ಬಿಡುವುದಿಲ್ಲ. ಕುಡಿಗೆ ಕಪ್ಪು ಹೇನು ಮುತ್ತಿದರೆ ಇಬ್ಬನಿ ಇರುವಾಗಲೇ ಗಾಳಿಸಿದ ಬೂದಿ ಉದುರಿಸು, ಹೇನು ಸಾಕುವ ಇರುವೆಯ ದಾರಿಯನ್ನೂ ಕಡಿ. ಪೇಟೆಯ ಔಷಧದ ಡಬ್ಬಿ ನೆನಪಾದರೆ, ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿಕೊಂಡ ಜಿಲ್ಲೆಯಲ್ಲಿ ಇದ್ದೀಯ ಎಂಬುದೂ ನೆನಪಾಗಲಿ.

ಇಷ್ಟೆಲ್ಲ ಹೇಳಿದರೂ, ರಾಶಿ ಪೂರ್ತಿ ಸುಡುಮಣ್ಣಿಗೆ ಹಾಕು ಎಂದು ನಾನು ಹೇಳುವವನಲ್ಲ. ಹತ್ತರಲ್ಲಿ ಒಂದು ಪಾಲು ಸಾಕು, ಮನೆಖರ್ಚಿನ ತರಕಾರಿಗೆ ಧಾರಾಳ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಕೊಡಬೇಕು ಎನ್ನುವುದು ಶಿಫಾರಸು. ನಿನ್ನ ನೂರು ಮರಕ್ಕೆ ಲೆಕ್ಕ ಹಾಕು: ಕಾಂಪೋಸ್ಟೇ 1,200 ಕಿಲೋ. ಸುಡಲಿಕ್ಕೆ ಎಲ್ಲಿದೆ ಎಲೆ?

ಆದ್ದರಿಂದ ಹೆಚ್ಚಿನ ಪಾಲು ಹಟ್ಟಿಗೆ ಹೋಗಲಿ. ಗಿಡ್ಡ ತಳಿಯ ಎರಡು ದನ ಇದೆಯಲ್ಲ, ಕಾಂಕ್ರೀಟು ತೊಳೆದು ಗಂಜಲ ಚರಂಡಿಗೆ ಬಿಡುವ ಬದಲು ದಿನವೂ ಸಂಜೆ ಅವುಗಳ ಕಾಲಡಿಗೆ ಒಂದು ಬುಟ್ಟಿ ತರಗೆಲೆ ಹಾಕು. ಎಲೆ ಗಂಜಲ ಹೀರುತ್ತದೆ, ದನ ತುಳಿದು ಪುಡಿ ಮಾಡುತ್ತದೆ. ಹಲಸು, ಮಾವಿನ ಎಲೆ ಇದಕ್ಕೆ ಚೆನ್ನ. ಅಕೇಶಿಯಾ, ಗೇರು ಕರಗಲು ತಡ, ಗ್ಲಿರಿಸಿಡಿಯಾ (ಗೊಬ್ಬರ ಗಿಡ) ಸೊಪ್ಪಿನ ಜೊತೆ ಬೆರೆಸಿದರೆ ಬೇಗ ಆಗುತ್ತದೆ. ಗೊಬ್ಬರದ ಗುಂಡಿಯನ್ನು ಎರಡು ತಿಂಗಳಿಗೊಮ್ಮೆ ಮಗುಚಿ ಬಿಳಿ ಹುಳ ಹೆಕ್ಕಿ ಕೋಳಿಗೆ ಹಾಕು. ಅವೇ ಬೆಳೆದು ಕುರುವಾಯಿ ದುಂಬಿಯಾಗಿ ನಿನ್ನ ತೆಂಗಿನ ಸುಳಿ ಕೊರೆಯುವುದು.

ತೆಂಗಿನ ಮಡಲು ಹಟ್ಟಿಯಲ್ಲಿ ಕರಗದು. ಅದಕ್ಕೆ ಎರೆಹುಳುವೇ ದಾರಿ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ರೂಪಿಸಿದ ವಿಧಾನ. ಮಡಲನ್ನು ಎರಡು ಮೂರು ತಿಂಗಳು ಬಿಸಿಲು ಮಳೆಗೆ ಬಿಟ್ಟು, ತುಂಡು ಮಾಡಿ, ಹತ್ತು ಪಾಲು ಎಲೆಗೆ ಒಂದು ಪಾಲು ಸೆಗಣಿ ಕದಡಿ ಹಾಕಿ ಎರಡು ಮೂರು ವಾರ ನೆನೆಸಿಡುವುದು. ಒಳಗಿನ ಬಿಸಿ ಇಳಿದ ಮೇಲೆ ಒಂದು ಟನ್ನಿಗೆ ಒಂದು ಕಿಲೋ ಯುಡ್ರಿಲಸ್ ಜಾತಿಯ ಎರೆಹುಳು. ಬಿಸಿ ಇರುವಾಗಲೇ ಬಿಟ್ಟರೆ ಹುಳು ಓಡಿಹೋಗುತ್ತವೆ ಅಥವಾ ಸಾಯುತ್ತವೆ. ನೆರಳು ಬೇಕು, ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ಪಸೆ ಬೇಕು, ಇರುವೆ ಮತ್ತು ಹೆಗ್ಗಣ ಬಾರದ ಹಾಗೆ ಸುತ್ತ ನೀರಿನ ಕಣಿ, ಮೇಲೆ ಜಾಲರಿ. ಎರಡೂವರೆ ಮೂರು ತಿಂಗಳಿಗೆ ಚಹಾಪುಡಿಯಂಥ ಗೊಬ್ಬರ.

ಮಣ್ಣನ್ನು ಒಮ್ಮೆ ಕೃಷಿಭವನದ (ಸರ್ಕಾರಿ ಕೃಷಿ ಕಚೇರಿಯ) ಮೂಲಕ ಪರೀಕ್ಷೆ ಮಾಡಿಸು. ಚೀಟಿ ಮಲಯಾಳದಲ್ಲಿ ಬಂದರೆ ಹೆದರಬೇಡ, ‘ಕುಮ್ಮಾಯಂ’ ಎಂದಿದ್ದರೆ ಅದು ಸುಣ್ಣವೇ. ಸುಡುಮಣ್ಣು ಹಾಕಿದ ಗುಂಡಿಗೆ ಮತ್ತೆ ಸುಣ್ಣ ಬೇಡ, ಉಳಿದ ತೋಟಕ್ಕೆ ಅವರು ಹೇಳಿದಷ್ಟು ಹಾಕು. ಗೊಬ್ಬರ ಕೊಡುವುದು ಅದಾಗಿ ಎರಡು ವಾರಕ್ಕೆ.

ಕೆಂಪು ದಂಟಿನ ಬಸಳೆ ಬಳ್ಳಿ ಇಲ್ಲಿ ಬೇಕಾದಷ್ಟಿದೆ. ಬರುವಾಗ ಎರಡು ಖಾಲಿ ಗೋಣಿ ಹಿಡಿದುಕೊಂಡು ಬಾ, ಗಾಳಿಸಿಟ್ಟ ಸುಡುಮಣ್ಣು ಒಂದರಲ್ಲಿ, ಹಟ್ಟಿಗೊಬ್ಬರ ಇನ್ನೊಂದರಲ್ಲಿ. ಒಂದೇ ಗೋಣಿಗೆ ತುಂಬಿಸಿ ಒಯ್ಯುತ್ತೇನೆ ಎನ್ನಬೇಡ, ಗೊಬ್ಬರ ಇನ್ನೂ ಪೂರ್ತಿ ಹಳತಾಗಿಲ್ಲ.

ಇತಿ ನಿನ್ನ ಗೆಳೆಯ